ಪಾಸಾದ ಮೇಲೆ ಶುರುವಾಗುವ ಆಟ

ಲೆವೆಲ್ ಮುಗಿದರೂ ಮುಂದಿನದಕ್ಕೆ ಹೋಗದೆ, ಮುಗಿಸಿದ್ದನ್ನೇ ಮತ್ತೆ ಮತ್ತೆ ಆಡುವ ಜನರನ್ನು ನೋಡಿದ್ದೀರಾ? ‘ಓಪಸ್ ಮ್ಯಾಗ್ನಮ್’ ಆಡುವವರು ಹಾಗೆ. ಅಮೆರಿಕದ ‘ಝಾಕ್‌ಟ್ರಾನಿಕ್ಸ್’ ಎಂಬ ಪುಟ್ಟ ಸಂಸ್ಥೆ 2017ರಲ್ಲಿ ತಂದ ಕಂಪ್ಯೂಟರ್ ಗೇಮ್ ಇದು. ಇಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ನೀವೊಬ್ಬ ರಸವಾದಿ. ಷಟ್ಕೋನದ ಮನೆಗಳಿರುವ ಹಲಗೆಯ ಮೇಲೆ ಯಂತ್ರದ ತೋಳುಗಳನ್ನು ಜೋಡಿಸಬೇಕು. ಯಾವ ತೋಳು ಯಾವಾಗ ಹಿಡಿಯಬೇಕು, ತಿರುಗಬೇಕು, ಬಿಡಬೇಕು ಎಂದು ಸೂಚನೆ ಬರೆಯಬೇಕು. ಕೊಟ್ಟ ವಸ್ತುವನ್ನು ತಾನಾಗಿಯೇ ತಯಾರಿಸುವ ಪುಟ್ಟ ಕಾರ್ಖಾನೆ ಸಿದ್ಧವಾದರೆ ಲೆವೆಲ್ ಪಾಸ್.

ಹಳೆಯ ಅಭಿಮಾನಿಗಳಲ್ಲಿ ಕೆಲವರು ‘ಇದು ತೀರಾ ಸುಲಭ’ ಎಂದು ಗೊಣಗಿದರು. ಅದರಲ್ಲಿ ಸತ್ಯವಿದೆ. ಇದೇ ಸಂಸ್ಥೆಯ 2011ರ ‘ಸ್ಪೇಸ್‌ಕೆಮ್’ ಆಟದಲ್ಲಿ ಒಂದು ರಿಯಾಕ್ಟರ್‌ಗೆ 10x8 ಚೌಕಗಳಷ್ಟೇ ಜಾಗ. ಅಷ್ಟರಲ್ಲಿ ಎಲ್ಲವನ್ನೂ ತುರುಕಲು ಹೋಗಿ ಎಷ್ಟೋ ಜನ ಅರ್ಧಕ್ಕೇ ಕೈಬಿಟ್ಟರು. ಓಪಸ್ ಮ್ಯಾಗ್ನಮ್‌ನ ಮುಖ್ಯ ಲೆವೆಲ್‌ಗಳಲ್ಲಿ ಜಾಗಕ್ಕೂ ಮಿತಿಯಿಲ್ಲ, ಖರ್ಚಿಗೂ ಮಿತಿಯಿಲ್ಲ. ಯಂತ್ರ ಎಷ್ಟೇ ಒಡ್ಡೊಡ್ಡಾಗಿದ್ದರೂ ಕೆಲಸ ಮಾಡಿದರೆ ಸಾಕು.

ಆದರೆ ನಿಜವಾದ ಆಟ ಶುರುವಾಗುವುದೇ ಪಾಸಾದ ಮೇಲೆ. ಪರದೆಯ ಮೇಲೆ ಮೂರು ಗ್ರಾಫ್ ಬರುತ್ತವೆ: ಯಂತ್ರದ ಖರ್ಚೆಷ್ಟು, ಎಷ್ಟು ಸುತ್ತಿನಲ್ಲಿ ಕೆಲಸ ಮುಗಿಯಿತು, ಎಷ್ಟು ಜಾಗ ತಿಂದಿತು. ಉಳಿದ ಆಟಗಾರರ ನಡುವೆ ನೀವು ಎಲ್ಲಿದ್ದೀರಿ ಎಂಬುದು ಕಾಣುತ್ತದೆ. ವೇಗ ಬೇಕೆಂದರೆ ತೋಳು ಹೆಚ್ಚಬೇಕು, ಖರ್ಚೂ ಏರುತ್ತದೆ. ಒಂದೇ ತೋಳಿನಲ್ಲಿ ಸುಧಾರಿಸಿದರೆ ಅಗ್ಗ, ಆದರೆ ಆಮೆಗತಿ. ಮೂರರಲ್ಲೂ ಒಟ್ಟಿಗೆ ಗೆಲ್ಲುವುದು ಸಾಮಾನ್ಯವಾಗಿ ಆಗದ ಮಾತು. ಹಾಗಾಗಿ ಸುಲಭ ಎಂದವರೂ ತಮ್ಮ ಯಂತ್ರವನ್ನು ಬಿಚ್ಚಿ ಮತ್ತೆ ಕಟ್ಟಿದರು, ಅದು ಓಡುವ ಜಿಫ್ ಮಾಡಿ ಹಂಚಿಕೊಂಡರು. 2019ರ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ಅತ್ಯುತ್ತಮ ವಿನ್ಯಾಸದ ಪ್ರಶಸ್ತಿಯೂ ಇದಕ್ಕೇ ಬಂತು.

ಬಿ.ಇ. ಓದುತ್ತಿರುವ ನನಗೆ ಇಲ್ಲಿ ನಮ್ಮ ಲ್ಯಾಬ್ ನೆನಪಾಗುತ್ತದೆ. ನಮ್ಮಲ್ಲಿ ಔಟ್‌ಪುಟ್ ಬಂದ ಕ್ಷಣಕ್ಕೆ ಯೋಚನೆ ನಿಲ್ಲುತ್ತದೆ. ಅರವತ್ತು ರೆಕಾರ್ಡ್‌ಗಳಲ್ಲೂ ಒಂದೇ ಸರ್ಕ್ಯೂಟ್, ಒಂದೇ ಉತ್ತರ. ‘ಇದನ್ನೇ ಇನ್ನೊಂದು ರೀತಿ ಮಾಡಬಹುದಿತ್ತಾ?’ ಎಂದು ಕೇಳಲು ಯಾರಿಗೂ ಪುರುಸೊತ್ತಿಲ್ಲ.

‘ಆಟದಲ್ಲಿ ಸೋತರೆ ಏನೂ ಹೋಗಲ್ಲ ಮಾರಾಯ, ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಹೋಗುತ್ತೆ’ ಎನ್ನುತ್ತಾನೆ ಗೆಳೆಯ. ಒಪ್ಪುವ ಮಾತೇ. ಅದಕ್ಕೇ ಪಾಸಾಗುವುದನ್ನೂ ಚೆನ್ನಾಗಿ ಮಾಡುವುದನ್ನೂ ಈ ಆಟದಂತೆ ಬೇರೆ ಬೇರೆ ಇಡಬೇಕು. ಕೆಲಸ ಮಾಡುವ ಸರ್ಕ್ಯೂಟ್‌ಗೆ ಪೂರ್ತಿ ಅಂಕ ಕೊಡಲಿ. ಆಮೇಲೆ ಬೋರ್ಡ್ ಮೇಲೆ ಹೆಸರಿಲ್ಲದ ಗ್ರಾಫ್ ಬರೆಯಲಿ: ಯಾರು ಎಷ್ಟು ಗೇಟ್ ಬಳಸಿದರು, ಯಾರದ್ದರಲ್ಲಿ ವಿಳಂಬ ಎಷ್ಟು? ರಿಪಲ್ ಕ್ಯಾರಿ ಆ್ಯಡರ್‌ನಲ್ಲಿ ಗೇಟ್ ಕಡಿಮೆ, ಲುಕ್ ಅಹೆಡ್ ಆ್ಯಡರ್‌ನಲ್ಲಿ ಸಮಯ ಕಡಿಮೆ. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಈ ಸಂಗತಿ ಆಗ ಕೈಗೆ ಹತ್ತುತ್ತದೆ. ಇದಕ್ಕೆ ಹೊಸ ಉಪಕರಣ ಬೇಡ, ಹದಿನೈದು ನಿಮಿಷ ಸಾಕು.

ಇದೂ ಇನ್ನೊಂದು ರ‍್ಯಾಂಕ್ ಪಟ್ಟಿಯಲ್ಲವೇ ಎಂದು ಕೇಳಬಹುದು. ಅಲ್ಲ. ಪಟ್ಟಿಯಲ್ಲಿ ಮೊದಲಿಗ ಒಬ್ಬನೇ. ಇಲ್ಲಿ ಅಗ್ಗದ್ದು ಕಟ್ಟಿದವಳೂ ವೇಗದ್ದು ಕಟ್ಟಿದವನೂ ಇಬ್ಬರೂ ಸರಿ, ಯಾಕೆ ಹಾಗೆ ಕಟ್ಟಿದೆ ಎಂದು ಹೇಳಲು ಬಂದರೆ.

ಪ್ರಾಜೆಕ್ಟ್ ಬಗ್ಗೆ ಇಂಟರ್‌ವ್ಯೂನಲ್ಲಿ ‘ಇದನ್ನು ಹೀಗೇ ಯಾಕೆ ಮಾಡಿದಿರಿ?’ ಎಂದು ಕೇಳಿದಾಗ ಬಾಯಿ ಕಟ್ಟುವುದು ಬುದ್ಧಿ ಇಲ್ಲದ್ದಕ್ಕಲ್ಲ. ನಾಲ್ಕು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಕಾಲೇಜು ಕೇಳುವವರೆಗೆ ನಾವೇ ಕೇಳಿಕೊಳ್ಳೋಣ. ಮುಂದಿನ ಲ್ಯಾಬ್‌ನಲ್ಲಿ ಔಟ್‌ಪುಟ್ ಬಂದ ಮೇಲೆ ಪಕ್ಕದ ಬೆಂಚಿನವರ ಸರ್ಕ್ಯೂಟ್ ಒಮ್ಮೆ ನೋಡಿ. ಕಾಪಿ ಮಾಡಲಿಕ್ಕಲ್ಲ, ಹೋಲಿಸಲಿಕ್ಕೆ.