ಚಾಪೆಯಷ್ಟು ಜಾಗ, ಅರ್ಧ ಗಂಟೆ ಹೊತ್ತು

ಸಂಘದ ಮಹಡಿಯ ಕೋಣೆಯನ್ನು ಖಾಲಿ ಮಾಡಿಸಿ ಅಲ್ಲೊಂದು ಜಿಮ್ ತೆರೆಯಬೇಕೆಂಬ ಸಲಹೆ ಈ ವರ್ಷವೂ ಕಾರ್ಯಕಾರಿ ಸಮಿತಿಯ ಮುಂದೆ ಬಂದಿದೆ. ಸಲಹೆ ಕೊಟ್ಟವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಸದಸ್ಯರ ಹೊಟ್ಟೆ ಬೆಳೆಯುತ್ತಿದೆ, ರಕ್ತದಲ್ಲಿ ಸಕ್ಕರೆ ಏರುತ್ತಿದೆ, ಸಂಘ ಸುಮ್ಮನೆ ಕೂರಬಾರದು ಎಂಬ ಕಳಕಳಿ ಮೆಚ್ಚತಕ್ಕದ್ದೇ. ಆದರೂ ಈ ಸಲಹೆಯನ್ನು ವಿರೋಧಿಸಿ ನಾಲ್ಕು ಮಾತು ಬರೆಯಬೇಕಾಗಿದೆ.

ಮೊದಲನೆಯದಾಗಿ, ಅಲ್ಲಿಗೆ ಹೋಗುವವರು ಯಾರು? ಗಾಜುವಾಕ, ಎಂ.ವಿ.ಪಿ. ಕಾಲೊನಿ, ಉಕ್ಕುನಗರಂ ಎಂದು ಊರಿನ ನಾಲ್ಕು ದಿಕ್ಕಿಗೂ ಚದುರಿಹೋಗಿರುವ ನಮ್ಮ ಮನೆಗಳಿಂದ ಬೆಳಗಿನ ಐದೂವರೆಗೆ ಎರಡು ಬಸ್ಸು ಬದಲಿಸಿ ಬಂದು ಮಹಡಿ ಹತ್ತುವ ವೀರರು ಎಷ್ಟು ಮಂದಿ? ವಿಜಯವಾಡದಲ್ಲಿರುವ ನಮ್ಮ ಸದಸ್ಯರು ದಂಡ ಹೊಡೆಯಲು ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದು ಮುನ್ನೂರೈವತ್ತು ಕಿಲೋಮೀಟರ್ ಬರಬೇಕೇ? ನಮ್ಮಂಥ ಜನಕ್ಕೆ ಅಂಗಸಾಧನೆ ದಕ್ಕುವುದಾದರೆ ಅದು ಮನೆಯಲ್ಲೇ ದಕ್ಕಬೇಕು. ಮನೆಯಲ್ಲಿ ಏಕೆ ದಕ್ಕುತ್ತಿಲ್ಲ ಎಂಬುದೇ ಚರ್ಚೆಯಾಗಬೇಕಾದ ವಿಷಯ. ಅದನ್ನು ಬಿಟ್ಟು ಯಂತ್ರಗಳ ದರಪಟ್ಟಿ ತರಿಸಲು ಹೊರಟಿದ್ದೇವೆ.

ಯಂತ್ರಗಳ ಕಥೆ ಗೊತ್ತಿಲ್ಲದ್ದೇನಲ್ಲ. ನಮ್ಮವರ ಎಷ್ಟೋ ಮನೆಗಳ ಬಾಲ್ಕನಿಯಲ್ಲಿ ಒಂದೊಂದು ಟ್ರೆಡ್‌ಮಿಲ್ ನಿಂತಿದೆ. ಟವಲು, ಪಂಚೆ ಒಣಗಿಸಲು ಅಷ್ಟು ದುಬಾರಿಯಾದ ಸಾಧನ ಇನ್ನೊಂದಿಲ್ಲ.

ಇನ್ನು ಉತ್ಸಾಹದ ಕೊರತೆಯೇ? ಅದೂ ಅಲ್ಲ. 2025ರ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನದ ರಾಷ್ಟ್ರೀಯ ಸಮಾರಂಭ ನಮ್ಮೂರಿನಲ್ಲೇ ನಡೆಯಿತು. ಪ್ರಧಾನಿಯವರು ಬಂದರು. ರಾಮಕೃಷ್ಣಾ ಬೀಚಿನಿಂದ ಭೋಗಾಪುರದವರೆಗೆ ಸಮುದ್ರದ ದಂಡೆಯುದ್ದಕ್ಕೂ ಮೂರು ಲಕ್ಷಕ್ಕೂ ಹೆಚ್ಚು ಜನ ಚಾಪೆ ಹಾಸಿ ಕೂತು ಗಿನ್ನೆಸ್ ದಾಖಲೆಯೂ ಆಯಿತು. ನಮ್ಮ ಸಂಘದವರೂ ಹೋಗಿದ್ದರು, ಫೋಟೋ ಈ ಪತ್ರಿಕೆಯಲ್ಲೇ ಬಂತು. ಅಷ್ಟು ಜನರನ್ನು ಬೆಳಗಿನ ಜಾವಕ್ಕೆ ಕರೆತಂದು ಕೂರಿಸಿದ ಆಡಳಿತದ ದಕ್ಷತೆಯನ್ನು ನಾನು ಹಳಿಯುವುದಿಲ್ಲ. ನನ್ನ ಪ್ರಶ್ನೆ ಜೂನ್ 22ರದ್ದು. ಅಂದು ಬೆಳಿಗ್ಗೆ ಆ ಮೂರು ಲಕ್ಷ ಚಾಪೆಗಳಲ್ಲಿ ಎಷ್ಟು ಮತ್ತೆ ನೆಲಕ್ಕೆ ಬಿದ್ದವು? ಅದನ್ನು ಎಣಿಸಲು ಯಾವ ದಾಖಲೆಯವನೂ ಬರಲಿಲ್ಲ.

ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಜನವರಿ ಒಂದಕ್ಕೋ ಯುಗಾದಿಗೋ ನಾವು ಮಾಡುವುದೂ ಅದನ್ನೇ. ಮೊಬೈಲಿನಲ್ಲಿ ಯಾವನೋ ಇಪ್ಪತ್ತೆರಡರ ತರುಣ ತೋರಿಸುವ ಮೂವತ್ತು ದಿನದ ಕಾರ್ಯಕ್ರಮವನ್ನು ನಲವತ್ತೈದರ ಮೊಣಕಾಲು ಇಟ್ಟುಕೊಂಡು ಮೊದಲ ದಿನವೇ ಪೂರ್ತಿ ಮಾಡುವುದು, ಎರಡನೆಯ ದಿನ ಮೆಟ್ಟಿಲು ಇಳಿಯಲಾರದೆ ಗೋಡೆ ಹಿಡಿಯುವುದು, ಹತ್ತನೆಯ ದಿನ ತೂಕದ ಯಂತ್ರ ಹತ್ತಿ ಮುಳ್ಳು ಕದಲಿಲ್ಲವೆಂದು ನಿರಾಶರಾಗುವುದು, ಹದಿನೈದನೆಯ ದಿನ ನೆಂಟರು ಬಂದರೆಂದು ನಿಲ್ಲಿಸುವುದು. ಆಮೇಲೆ ಮುಂದಿನ ಯುಗಾದಿ ಇದ್ದೇ ಇದೆ!

ಮನೆಯಲ್ಲಿ ಕಲಿಸುವ ಗುರುವಿಲ್ಲ, ಆದ್ದರಿಂದ ನಡೆಯದು ಎನ್ನುವವರಿಗೆ ನಮ್ಮದೇ ಒಂದು ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ಕೆ.ವಿ. ಅಯ್ಯರ್ ಅವರನ್ನು ನಮ್ಮಲ್ಲಿ ಬಹುಮಂದಿ ಬಲ್ಲದ್ದು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ. ಅದಕ್ಕೂ ಮೊದಲು ಅವರು ಹೆಸರಾದದ್ದು ಅಂಗಸಾಧಕರಾಗಿ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದರು. 1937ರಲ್ಲಿ ಸೂರ್ಯನಮಸ್ಕಾರದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಇದೆಲ್ಲದರ ಜೊತೆಗೆ ಅವರು ಅಂಚೆಯ ಮೂಲಕ ವ್ಯಾಯಾಮ ಪಾಠ ಕಳುಹಿಸುತ್ತಿದ್ದರು ಎಂಬುದನ್ನು ಮರೆತಿದ್ದೇವೆ. ಸ್ವಂತ ವ್ಯಾಯಾಮಶಾಲೆ ಇಟ್ಟುಕೊಂಡಿದ್ದ ಮನುಷ್ಯನೇ, ಎಲ್ಲರೂ ಅಲ್ಲಿಗೆ ಬರಲಾರರು, ಮನೆಯಲ್ಲೇ ಮಾಡಬಲ್ಲದ್ದನ್ನು ಅವರಿದ್ದಲ್ಲಿಗೆ ಕಳುಹಿಸಬೇಕು ಎಂದು ಕಂಡುಕೊಂಡಿದ್ದರು. ಅಂದು ಲಕೋಟೆಯಲ್ಲಿ ಬರುತ್ತಿದ್ದ ಪಾಠ ಇಂದು ಬಿಟ್ಟಿಯಾಗಿ ಅಂಗೈಯಲ್ಲಿದೆ. ಪಾಠಕ್ಕೆ ಬರವಿಲ್ಲ. ಪಾಠ ಮುಗಿಯುವವರೆಗೆ ನಿಲ್ಲುವ ಶಿಷ್ಯರಿಗೆ ಬರ.

ನಮ್ಮ ವಿಶಾಖಪಟ್ಟಣದ ಬೀಚ್ ರಸ್ತೆಯಲ್ಲಿ ಕೋಡಿ ರಾಮಮೂರ್ತಿಯವರ ಪ್ರತಿಮೆಯಿದೆ. ಶ್ರೀಕಾಕುಳಂ ಕಡೆಯ ವೀರಘಟ್ಟಂನವರು, ಸರಪಳಿ ಹರಿದು, ಎದೆಯ ಮೇಲೆ ಆನೆ ನಿಲ್ಲಿಸಿಕೊಂಡು ಕಲಿಯುಗ ಭೀಮನೆನಿಸಿಕೊಂಡವರು. ನಾವು ಅದರ ಮುಂದೆ ಐಸ್‌ಕ್ರೀಮು ತಿಂದು ಬರುತ್ತೇವೆ. ಸರಿ, ನಾವು ಯಾರೂ ಆನೆ ಹೊರಬೇಕಾಗಿಲ್ಲ. ಅರವತ್ತರಲ್ಲಿ ನೆಲದಿಂದ ಕೈಯೂರದೆ ಏಳಬಲ್ಲೆವಾದರೆ ಸಾಕು.

ಕುರ್ಚಿಯಲ್ಲಿ ಕೂತು ಅನ್ನ ಸಂಪಾದಿಸುವವರಿಗೆ ಇದು ಚಟವಲ್ಲ, ಅಗತ್ಯ. 1953ರಲ್ಲಿ ಜೆರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯರೂ ಅವರ ಸಂಗಡಿಗರೂ ಲಂಡನ್ನಿನ ಬಸ್ಸುಗಳ ಲೆಕ್ಕ ತೆಗೆದರು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ ಮೇಲೂ ಕೆಳಗೂ ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಿತ್ತು. ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಯನದಲ್ಲಿ ಅಂಚೆ ಇಲಾಖೆಯೂ ಇತ್ತು. ನಡೆದು ಕಾಗದ ಹಂಚುವ ಪೋಸ್ಟ್‌ಮನ್ನರಿಗಿಂತ ಒಳಗೆ ಕೂತ ಗುಮಾಸ್ತರ ಹೃದಯದ ಸ್ಥಿತಿ ಕೆಟ್ಟದಾಗಿತ್ತು. ಗುಮಾಸ್ತರ ಪೈಕಿಯವನಾದ ನನಗೆ ಈ ಎರಡನೆಯ ಭಾಗವೇ ಹೆಚ್ಚು ಮುಖ್ಯವಾಗಿ ಕಂಡಿದೆ. ಇನ್ನು ನಮ್ಮ ದೇಶದ ಮಾತು: ಐ.ಸಿ.ಎಂ.ಆರ್. ನೆರವಿನ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿತ್ತು. ಊಟದ ಸಕ್ಕರೆಯನ್ನು ರಕ್ತದಿಂದ ಎಳೆದುಕೊಳ್ಳುವ ದೊಡ್ಡ ಉಗ್ರಾಣವೆಂದರೆ ನಮ್ಮ ಮಾಂಸಖಂಡ. ಅದು ಸೊರಗಿದರೆ ಸಕ್ಕರೆಗೆ ಹೋಗಲು ತಾವಿಲ್ಲ. ಬರೀ ನಡಿಗೆ ಸಾಲದು, ಸ್ನಾಯುಗಳಿಗೆ ಭಾರದ ಕೆಲಸವೂ ಬೇಕು ಎನ್ನುವುದು ಇದಕ್ಕಾಗಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಪಡಿಸುವ ಸಾಧನೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ನಾಲ್ಕಾರು ಸೂರ್ಯನಮಸ್ಕಾರ, ಬಿಂದಿಗೆಯಲ್ಲಿ ನೀರು ತುಂಬಿ ಎತ್ತಿಳಿಸುವುದು. ಇಷ್ಟಕ್ಕೆ ಬೇಕಾದದ್ದು ಚಾಪೆಯಷ್ಟು ಜಾಗ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಶುರುಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮುಂದುವರಿಸುವುದು ಹೇಗೆ ಎಂಬುದಕ್ಕೆ ನಮ್ಮ ಕಚೇರಿಯ ಹಾಜರಿಯೇ ಸಾಕಷ್ಟು ಪಾಠ. ಆಧಾರ್ ಯಂತ್ರದ ಮೇಲೆ ಬೆರಳಿಡುವ ಮುನ್ನ ‘ಇವತ್ತು ಮನಸ್ಸಿದೆಯೇ?’ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಹೊತ್ತಾಯಿತು, ಹೋದೆವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದು ಕೆಲಸ ತಾನಾಗಿ ಕೈಗೂಡುವ ಅಭ್ಯಾಸವಾಗಲು ಹಿಡಿದ ಕಾಲದ ಮಧ್ಯಮಾಂಕ 66 ದಿನ. ಕೆಲವರಿಗೆ 18 ದಿನ, ಕೆಲವರಿಗೆ ಅಂದಾಜು 254 ದಿನ. ನೀರು ಕುಡಿಯುವಂಥ ಸಣ್ಣ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು. ಮೊಬೈಲಿನವನ ಮೂವತ್ತು ದಿನದ ಲೆಕ್ಕ ಎಲ್ಲಿ ಕೆಡುತ್ತದೆಂದು ಇದರಿಂದ ತಿಳಿಯುತ್ತದೆ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ ಎಂಬುದನ್ನೂ ಅವರು ಕಂಡರು. ತಪ್ಪಿದ ದಿನವನ್ನು ಸಿ.ಎಲ್. ಎಂದು ಬರೆದುಕೊಳ್ಳಿ. ಒಂದು ಸಿ.ಎಲ್. ಹಾಕಿದ್ದಕ್ಕೆ ಯಾರಾದರೂ ರಾಜೀನಾಮೆ ಕೊಡುತ್ತಾರೆಯೇ? 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತದಲ್ಲಿ ಈ ಊರಿನ ಮರಗಳು ಮಲಗಿದವು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರದ ಮನೆಗಳೊಳಗೆ ನೀರು ನಿಂತಿತು. ಅಂಥ ದಿನಗಳಲ್ಲಿ ಬಸ್ಕಿಯ ಲೆಕ್ಕ ಕೇಳುವವನು ಅವಿವೇಕಿ. ನನ್ನ ಮಾತು ನೀರು ಇಳಿದ ಮೇಲಿನದು.

‘ಊರಲ್ಲಿದ್ದಿದ್ದರೆ ಮಾಡುತ್ತಿದ್ದೆವು’ ಎಂಬ ಮಾತನ್ನೂ ಸಾಕಷ್ಟು ಕೇಳಿದ್ದೇನೆ. ಇಲ್ಲಿಯ ಬೆವರು, ವಿಜಯವಾಡದ 45 ಡಿಗ್ರಿ ಬಿಸಿಲು, ಇವು ನಿಜವಾದ ತೊಂದರೆಗಳೇ. ಅದಕ್ಕೇ ಸೂರ್ಯ ಮೇಲೇರುವ ಮೊದಲು, ಮನೆಯೊಳಗೆ, ಫ್ಯಾನಿನ ಕೆಳಗೆ ಎಂದು ಹೇಳುತ್ತಿರುವುದು. ಆದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ನೆನೆದು ನಿಟ್ಟುಸಿರು ಬಿಡುವ ಮೈಸೂರಿನವರು ಸಿಂಹಾಚಲದ ಮೆಟ್ಟಿಲನ್ನು ಎಷ್ಟು ಸಲ ಹತ್ತಿದ್ದಾರೆ? ಮೆಟ್ಟಿಲಿಗೆ ಭಾಷೆಯಿಲ್ಲ.

ಇಷ್ಟು ಹೊತ್ತು ಹೇಳಿದ್ದು ಸುಲಭದ ಭಾಗ. ಮನೆಯ ವ್ಯಾಯಾಮವೆಂದಾಗ ನಾವು ಗಂಡಸರು ನಮ್ಮ ವ್ಯಾಯಾಮವನ್ನಷ್ಟೇ ಯೋಚಿಸುತ್ತೇವೆ. ಯಜಮಾನರು ಹಾಲಿನಲ್ಲಿ ಚಾಪೆ ಹಾಸಿ ಉಸಿರೆಳೆದು ಬಿಡುತ್ತಿರುವಾಗ ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿರುತ್ತದೆ. ಮಕ್ಕಳ ಡಬ್ಬಿ, ಯಜಮಾನರ ಡಬ್ಬಿ, ವ್ಯಾಯಾಮ ಮುಗಿಸಿ ಎದ್ದವರಿಗೆ ನೆನೆಸಿದ ಬಾದಾಮಿ. ಇವರ ಅರ್ಧ ಗಂಟೆ ಆಕೆಯ ಅರ್ಧ ಗಂಟೆಯಿಂದ ಬಂದದ್ದು. ‘ನೀವೂ ಮಾಡಬಾರದೇ?’ ಎಂದು ಆಕೆಯನ್ನು ಕೇಳಿದರೆ ಉತ್ತರ ಯಜಮಾನರಿಂದಲೇ ಬರುತ್ತದೆ: ‘ಅವಳಿಗೇಕೆ, ದಿನವಿಡೀ ಮನೆಗೆಲಸವೇ ವ್ಯಾಯಾಮವಲ್ಲವೇ!’

ಈ ಮಾತನ್ನು ಇನ್ನು ನಿಲ್ಲಿಸಬೇಕು. ಕೇಂದ್ರ ಸರ್ಕಾರದ 2024ರ ಕಾಲಬಳಕೆ ಸಮೀಕ್ಷೆಯಂತೆ 15ರಿಂದ 59 ವಯಸ್ಸಿನ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 305 ನಿಮಿಷ ಕೊಡುತ್ತಾರೆ. ಅಂದರೆ ಐದು ಗಂಟೆಗೂ ಮೀರಿ, ಸಂಬಳವಿಲ್ಲದೆ. ಇದೇ ವ್ಯಾಯಾಮವಾಗಿದ್ದರೆ ಈ ದೇಶದ ಹೆಂಗಸರಷ್ಟು ಗಟ್ಟಿಮುಟ್ಟಾದವರು ಬೇರೆಲ್ಲೂ ಇರಬಾರದಾಗಿತ್ತು. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಂದಾಜು ಬೇರೆಯೇ ಹೇಳುತ್ತದೆ. ಭಾರತದಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದ ವಯಸ್ಕರು ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ ನೂರಕ್ಕೆ 57. ಒಲೆಯ ಮುಂದೆ ನಿಂತೇ ಇರುವುದು, ಬಗ್ಗಿ ಒರೆಸುವುದು, ಒಂದೇ ಭುಜದಿಂದ ಒಂದೇ ಬಗೆಯಲ್ಲಿ ತಿಕ್ಕುವುದು ಸೊಂಟವನ್ನೂ ಮೊಣಕಾಲನ್ನೂ ಸವೆಸುತ್ತವೆ. ಸಾಧನೆಯೆಂದರೆ ಭಾರವನ್ನು ಕ್ರಮವಾಗಿ ಏರಿಸುತ್ತ ಹೋಗುವುದು, ನಡುವೆ ಸ್ನಾಯುವಿಗೆ ಬಿಡುವು ಕೊಡುವುದು. ಪಾತ್ರೆ ತಿಕ್ಕುವುದರಲ್ಲಿ ಏರಿಕೆ ಎಲ್ಲಿದೆ, ಬಿಡುವು ಎಲ್ಲಿದೆ? ಮುಟ್ಟು ನಿಂತ ಮೇಲೆ ಎಲುಬು ಬೇಗ ಸವೆಯುವ ಹೆಣ್ಣಿಗೆ ಭಾರ ಎತ್ತುವ ಸಾಧನೆ ಗಂಡಸಿಗಿಂತ ಹೆಚ್ಚು ಬೇಕು. ಹೆಂಗಸರು ಭಾರ ಎತ್ತುವುದು ಲಕ್ಷಣವಲ್ಲ ಎನ್ನುವ ಹಿರಿಯರು ಪಕ್ಕದ ಶ್ರೀಕಾಕುಳಂ ಜಿಲ್ಲೆಯ ಊಸವಾನಿಪೇಟದಲ್ಲಿ ಬೆಳೆದ ಕರಣಂ ಮಲ್ಲೇಶ್ವರಿಯನ್ನು ನೆನೆಯಲಿ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ತಂದ ಆಕೆ ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳೆ.

ವಲಸೆ ಬಂದ ನಮ್ಮ ಮನೆಗಳಲ್ಲಿ ಈ ಅನ್ಯಾಯ ಇನ್ನೂ ಒಂದು ಪಟ್ಟು ಹೆಚ್ಚು. ಊರಲ್ಲಾದರೆ ಅತ್ತೆಯೋ ಅತ್ತಿಗೆಯೋ ಪಕ್ಕದ ಮನೆಯ ಚಿಕ್ಕಮ್ಮನೋ ಒಂದು ಗಳಿಗೆ ಒಲೆ ನೋಡಿಕೊಳ್ಳುತ್ತಿದ್ದರು. ಇಲ್ಲಿ ಆಕೆ ಒಬ್ಬಳೇ. ನಮಗಾದರೂ ಕಚೇರಿಯಲ್ಲಿ ನಾಲ್ಕು ಜನ ಸಿಗುತ್ತಾರೆ, ವರ್ಷಗಳಲ್ಲಿ ತೆಲುಗು ನಾಲಿಗೆಗೆ ಹತ್ತಿದೆ. ವರ್ಗವಾಗಿ ಬಂದ ಹೊಸದರಲ್ಲಿ ಆಕೆಗೆ ಬೆಳಗಿನ ನಡಿಗೆಗೆ ಜೊತೆಯೂ ಇರುವುದಿಲ್ಲ. ಹೀಗಿರುವಾಗ ಆಕೆ ಎರಡು ವಾರ ಮಾಡಿ ಬಿಟ್ಟರೆ ‘ಮನೋಬಲವಿಲ್ಲ’ ಎನ್ನುತ್ತೇವೆ. ಆಕೆಗಿಲ್ಲದ್ದು ಮನೋಬಲವಲ್ಲ, ಯಾರೂ ಕರೆಯದ ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಯಾವ ಜಿಮ್ಮೂ ಕೊಡಲಾರದು. ಗಂಡಸು ಒಲೆಯ ಮುಂದೆ ನಿಂತರೆ ಮಾತ್ರ ಅದು ಹುಟ್ಟುತ್ತದೆ.

‘ಹೆಂಗಸರ ಪರವಾಗಿ ಮಾತಾಡಲು ಇವರು ಯಾರು, ನಮ್ಮ ಮನೆಯಲ್ಲಿ ಯಾರೂ ದೂರಿಲ್ಲ’ ಎಂದು ಕೆಲವರು ಹೇಳುವುದು ಖಂಡಿತ. ದೂರದೇ ಇರುವುದಕ್ಕೂ ದೂರಲು ಪುರುಸೊತ್ತಿಲ್ಲದಿರುವುದಕ್ಕೂ ವ್ಯತ್ಯಾಸವಿದೆ.

ಸಮಿತಿಗೆ ನನ್ನ ಪ್ರತಿ ಸಲಹೆ ಇದು. ಜಿಮ್ಮಿನ ಹಣ ಮುಟ್ಟಬೇಡಿ. ಬರುವ ತಿಂಗಳಿಂದ ಪ್ರತಿ ಮನೆಗೂ ಒಂದು ಹಾಜರಿ ಹಾಳೆ ಅಚ್ಚು ಹಾಕಿಸಿ ಈ ಪತ್ರಿಕೆಯ ಜೊತೆಯಲ್ಲೇ ಕಳುಹಿಸಿ, ವಿಜಯವಾಡಕ್ಕೂ ಹೋಗುತ್ತದೆ. ಅದರಲ್ಲಿ ಗಂಡನಿಗೊಂದು, ಹೆಂಡತಿಗೊಂದು ಸಾಲು. ತೂಕ ಬರೆಯುವ ಅಂಕಣವೇ ಬೇಡ. ಬೇಕೆಂದರೆ ಮೂರು ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಬರೆಯಲಿ. ನಮ್ಮ ಜನಕ್ಕೆ ಹೇಳಿರುವ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ನವೆಂಬರಿನ ರಾಜ್ಯೋತ್ಸವದಲ್ಲಿ ಬಹುಮಾನ ಕೊಡುವುದಾದರೆ ಎರಡು ಸಾಲೂ ತುಂಬಿದ ಹಾಳೆಗೆ ಕೊಡಿ. ಒಂದೇ ಸಾಲು ತುಂಬಿದ್ದರೆ, ಅದರಲ್ಲೂ ಮೇಲಿನ ಸಾಲು ಮಾತ್ರ ತುಂಬಿದ್ದರೆ, ಶಾಲು ಹೊದಿಸಬೇಡಿ.

ಇನ್ನೊಂದು. ಈ ವಿಷಯ ಚರ್ಚಿಸುವ ಸರ್ವಸದಸ್ಯರ ಸಭೆಯನ್ನು ಶನಿವಾರ ಸಂಜೆ ಏಳಕ್ಕೆ ಇಟ್ಟಿರುವುದಾಗಿ ಸೂಚನೆ ಬಂದಿದೆ. ಆ ಹೊತ್ತಿಗೆ ಮನೆಯೊಡತಿಯರು ಎಲ್ಲಿರುತ್ತಾರೆಂದು ಸಮಿತಿಗೆ ಗೊತ್ತಿಲ್ಲವೇ? ಸಭೆಯನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬದಲಿಸಬೇಕೆಂದು ಕೋರುತ್ತೇನೆ. ಅಂದಿನ ಉಪ್ಪಿಟ್ಟನ್ನು ಗಂಡಸರೇ ಮಾಡಿಕೊಂಡು ಬರಲಿ. ರವೆ ಎಷ್ಟು ಹುರಿಯಬೇಕೆಂದು ತಿಳಿಯದವರು ಹಿಂದಿನ ದಿನವೇ ಮನೆಯಲ್ಲಿ ಕೇಳಿಕೊಳ್ಳಬಹುದು.