ಬೀಗ ಜಡಿದರೆ ಬಾಕಿ ತೀರದು

ಬಾಡಿಗೆ ನಿಂತಿತೆಂದರೆ ಬಾಗಿಲಿಗೆ ಬೀಗ, ನೀರು-ದೀಪ ಬಂದ್, ಪಾತ್ರೆಪಗಡ ಬೀದಿಗೆ! ಕೆಲವು ಮನೆ ಮಾಲೀಕರು ನಡೆಸುವ ಈ ದರ್ಬಾರನ್ನು ನಾವು ಖಂಡಿಸುತ್ತೇವೆ. ಕಾನೂನೂ ಇದನ್ನು ಒಪ್ಪುವುದಿಲ್ಲ. ಹೀಗೆ ಬಲಾತ್ಕಾರದಿಂದ ಹೊರಬಿದ್ದವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಂತೆ 6 ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಕೇಳಬಹುದು.

ಆದರೆ ಮಾಲೀಕರೆಲ್ಲರೂ ಬಂಡವಾಳಗಾರರಲ್ಲ. ಅಂಗಡಿಯ ಹಿಂದಿನ ಒಂದು ಕೋಣೆಯ ಬಾಡಿಗೆಯಿಂದ ಸಂಸಾರ ತೂಗಿಸುವ ಸಣ್ಣ ವ್ಯಾಪಾರಿಯೂ ನಮ್ಮವನೇ. ಅವನಿಗೆ ದಾರಿ ಯಾವುದು? 1999ರ ಕರ್ನಾಟಕ ಬಾಡಿಗೆ ಕಾಯ್ದೆಗೆ ಒಳಪಟ್ಟ ಮನೆಯಾದರೆ ಬಾಕಿ ಕೇಳಿ ನೋಟೀಸು ಕೊಡಬೇಕು. 2 ತಿಂಗಳಲ್ಲಿ ಬಾಕಿ ಪೂರ್ತಿ ಸಲ್ಲದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಈ 2 ತಿಂಗಳು ಮಾಲೀಕನಿಗೆ ಶಿಕ್ಷೆಯಲ್ಲ. ಗಿರಣಿ ಮುಚ್ಚಿ ಪಗಾರ ನಿಂತ ಕಾರ್ಮಿಕನಿಗೆ ಉಸಿರಾಡಲು ಸಿಕ್ಕ ಅವಕಾಶ.

ಪಗಾರ ಎಣಿಸಿಕೊಂಡೂ ಬಾಡಿಗೆ ಕೊಡದವನ ಪರವಾಗಿ ನಾವು ನಿಲ್ಲುವುದಿಲ್ಲ. ಪಗಾರವೇ ಬಾರದವನನ್ನು ಅವನೊಡನೆ ಒಂದೇ ತಕ್ಕಡಿಯಲ್ಲಿ ತೂಗಲೂ ಬಿಡುವುದಿಲ್ಲ.

ಕಾರ್ಮಿಕ ಬಂಧುಗಳೇ, ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಕಷ್ಟ ಬಂದಾಗ ಮುಖ ಮರೆಸಿಕೊಳ್ಳದೆ ಮಾಲೀಕರಿಗೆ ಮೊದಲೇ ತಿಳಿಸಿರಿ. ಇಷ್ಟಿಷ್ಟು ಕಂತಿನಲ್ಲಿ ತೀರಿಸುವೆವೆಂದು ಬರೆದುಕೊಡಿರಿ. ಮಾಲೀಕರೇ, ರಸೀದಿ ಕೊಡಿರಿ, ಕಂತಿಗೆ ಒಪ್ಪಿರಿ. ಮಾತು ತಪ್ಪಿದವನ ಮೇಲೆ ನೋಟೀಸು ಇದೆ, ನ್ಯಾಯಾಲಯವಿದೆ. ಬೀಗ ಹಿಡಿದು ಬಂದರೆ ಮಾತ್ರ ಆ ಹೊಸ್ತಿಲಲ್ಲಿ ಕಾರ್ಮಿಕ ಸಂಘ ನಿಂತಿರುತ್ತದೆ.