ಕಲಿಸಾಕ ಬಂದವರು ಮೊದಲು ಕಲ್ತರು

1/9
ದೋಸ್ತರ, ಗೆಳತ್ಯಾರ, ಇದು ಒಂಬತ್ತು ಪೋಸ್ಟಿನ ಸರಣಿ. ಉದ್ದ ಐತಿ, ಗೊತ್ತು. ಜಗಳಾ ಆಡೋರಿಗೆ ಅನುಕೂಲ ಆಗ್ಲಿ ಅಂತ ನನ್ನ ವಾದ ಮೊದಲೇ ಹೇಳಿಬಿಡ್ತೀನಿ: ಒಂದು ಊರಿನ ಮಾತು ಕಲೀದೆ ಆ ಊರಿಗೆ ಸೇವೆ ಮಾಡಾಕ ಬರೋದು ಸೇವೆ ಅಲ್ಲ, ಪ್ರವಾಸ.

ನಮ್ಮ ರಾಮಥಾಳದ ಹೆಸರು ಹೊರಗಿನವರಿಗೆ ಗೊತ್ತಿರೋದು ಹನಿ ನೀರಾವರಿಯಿಂದ. 24,000 ಹೆಕ್ಟೇರಿಗೆ ಪೈಪಿನಾಗ ನೀರು ಕೊಡೋ ಯೋಜನೆ. ಅದನ್ನ ನೋಡಾಕ ಎಷ್ಟು ಮಂದಿ ಬಂದು ಹೋದ್ರು! ಡ್ರಿಪ್ಪರ್, ಲ್ಯಾಟರಲ್, ಫಿಲ್ಟರ್ ಅನ್ನೋ ಪದ ನಮ್ಮ ಅಜ್ಜಂದಿರು ಅರವತ್ತು ವಯಸ್ಸಿನಾಗ ಕಲ್ತರು. ಬಂದು ಹೋದವರಲ್ಲಿ ಎಷ್ಟು ಮಂದಿ 'ಎರಿ', 'ಮಸಾರಿ' ಅನ್ನೋ ಎರಡು ಪದ ಕಲ್ತು ಹೋದ್ರು? ಕಪ್ಪು ಮಣ್ಣು ಯಾವುದು, ಕೆಂಪು ಮಣ್ಣು ಯಾವುದು, ಅಷ್ಟೇ. ನೀರು ಎಷ್ಟು ಹಿಡೀತೈತಿ ಅನ್ನೋ ಲೆಕ್ಕ ಶುರುವಾಗೋದೇ ಆ ಎರಡು ಪದದಿಂದ.

ಸೇವೆ ಮಾಡಾಕ ಬಂದವರು ಹೆಂಗ ಬದುಕಬೇಕು? ಇದಕ್ಕ ನಮ್ಮ ಜಿಲ್ಲೆಯಲ್ಲೇ ಒಂದು ಹಳೇ ಉದಾಹರಣೆ ಐತಿ. ಪೂರ್ತಿ ಒಳ್ಳೇದೂ ಅಲ್ಲ, ಪೂರ್ತಿ ಕೆಟ್ಟದ್ದೂ ಅಲ್ಲ. ಅದಕ್ಕೇ ಅದು ಕೆಲಸಕ್ಕ ಬರ್ತೈತಿ.

2/9
ಗುಳೇದಗುಡ್ಡ ಅಂದ್ರ ನಿಮಗ ಖಣ ನೆನಪಾಗ್ತೈತಿ. ಕುಬಸದ ಖಣ. ಅದೇ ಊರಿಗೆ 1851ರಲ್ಲಿ ಬಾಸೆಲ್ ಮಿಷನ್ ಬಂತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಅದು. ಅಲ್ಲಿ ತರಬೇತಿ ಪಡೆದ ಹುಡುಗರಲ್ಲಿ ಬಹಳಷ್ಟು ಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ರೈತರ ಮಕ್ಕಳು, ಕಸುಬುದಾರರ ಮಕ್ಕಳು. ನಮ್ಮಂಥವರೇ ಅನ್ನಿ. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಆಮೇಲೆ ಗುಳೇದಗುಡ್ಡ.

1853ರಲ್ಲಿ ಒಬ್ಬ ಹುಡುಗ ಬಂದ. ವಯಸ್ಸು 21. ಅಂದ್ರ ನಮ್ಮ ಫೈನಲ್ ಇಯರ್ ವಯಸ್ಸು. ಹೆಸರು ಫರ್ಡಿನಾಂಡ್ ಕಿಟೆಲ್. ನಿಘಂಟಿನ ಕಿಟೆಲ್ ಅಂತ ಎಲ್ಲಾರೂ ಪರೀಕ್ಷೆಗೆ ಎರಡು ಮಾರ್ಕಿಗೆ ಓದೀವಿ. ಆದ್ರ ಗಡ್ಡದ ಮುದುಕನ ಚಿತ್ರ ಬಿಟ್ಟು ಸ್ವಲ್ಪ ಹೊತ್ತು ಆ ಹುಡುಗನ್ನ ನೋಡ್ರಿ. ಉತ್ತರ ಸಮುದ್ರದ ದಂಡೆಯ ತಣ್ಣನ್ನ ಸೀಮೆಯವ. ಬಂದು ಇಳಿದದ್ದು ಧಾರವಾಡ, ಹುಬ್ಬಳ್ಳಿ ಕಡೆ.

3/9
ಅವರ ದಿನ ಹೆಂಗಿತ್ತು? ಬಂದ ಕೂಡಲೇ ಉಪದೇಶ ಅಲ್ಲ. ಮೊದಲ ಕೆಲಸ ಭಾಷೆ. ಊರಿನ ಮುನ್ಶಿ ಮುಂದ ಕೂತು ಅಕ್ಷರ ತಿದ್ದಬೇಕು. ಜರ್ಮನ್ ನಾಲಿಗಿಗೆ 'ಳ' ಹೊರಳೂದಿಲ್ಲ. ಹಾಲಿಗೂ ಹಾಳಿಗೂ ವ್ಯತ್ಯಾಸ ಹೊಂದಿಸಿಕೊಳ್ಳೋದೇ ಒಂದು ಕಸರತ್ತು. ಮುನ್ಶಿ ಕಲಿಸೋದು ಗ್ರಂಥದ ಕನ್ನಡ. ಸಂತಿಗೆ ಹೋದ್ರ ಅಲ್ಲಿ ಬೇರೇನೇ ಕನ್ನಡ. 'ಏನ್ ಮಾಡಾಕತ್ತೀರಿ' ಅನ್ನೋದು ಯಾವ ವ್ಯಾಕರಣದಾಗೂ ಇರ್ಲಿಲ್ಲ. ಕಿವಿ ಕೊಟ್ಟೇ ಕಲೀಬೇಕು.

ಆಮೇಲೆ ಜಾತ್ರಿ, ಸಂತಿ, ಓಣಿ. ನಿಂತು ಮಾತಾಡೋದು. ಜನ ಸುಮ್ನ ಕೇಳ್ತಿದ್ರು ಅನ್ಕೋಬ್ಯಾಡ್ರಿ. ವಚನ, ಪುರಾಣ, ತತ್ವಪದ ಕೇಳಿ ಬೆಳೆದ ಮಂದಿ ಇವರು. ತಿರುಗಿ ಪ್ರಶ್ನೆ ಹಾಕೋರು. ಉತ್ತರ ಕೊಡಬೇಕಂದ್ರ ಅವರು ಓದಿದ್ದನ್ನ ನೀನೂ ಓದಬೇಕು. ವಾದಕ್ಕ ಬಂದವ ವಿದ್ಯಾರ್ಥಿ ಆಗೋದು ಹಿಂಗ.

ರಾತ್ರಿ ದೀಪದ ಮುಂದ ಬರವಣಿಗೆ. ಮನಿಗೆ ಪತ್ರ, ಬಾಸೆಲ್‌ಗೆ ವರದಿ. ಸುಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ. ಅದಕ್ಕಿಂತ ಮುಂಚೆ ಅವ್ವನಿಗೆ ಬರೆದ ಪತ್ರಕ್ಕ ಉತ್ತರ ಬರೋದು ತಿಂಗಳುಗಟ್ಟಲೆ ತಡ. ಎರಡು ನೀಲಿ ಟಿಕ್ ಬಂದೂ ಉತ್ತರ ಬರ್ಲಿಲ್ಲ ಅಂತ ನಾವು ರಾತ್ರಿ ನಿದ್ದಿ ಕೆಡಸ್ಕೋತೀವಿ!

4/9
ಈಗ ಬೆಲೆ ಕೇಳ್ರಿ. ಮದುವಿ ಆಗಬೇಕಂದ್ರ ಬಾಸೆಲ್‌ನ ಕಮಿಟಿ ಒಪ್ಪಿಗಿ ಬೇಕು. ಕೆಲಸಕ್ಕ ಸೇರಿ ಒಂದೆರಡು ವರ್ಷ ಆಗೋ ತನಕ ಅದೂ ಇಲ್ಲ. ಎಷ್ಟೋ ಹುಡುಗಿಯರು ತಾವು ಒಮ್ಮೆಯೂ ನೋಡದ ಗಂಡಿನ್ನ ಮದುವಿ ಆಗಾಕ ಹಡಗು ಹತ್ತಿ ಬಂದಾರ. ಕಿಟೆಲ್‌ನ ಮೊದಲ ಹೆಂಡತಿ ಪೌಲೀನೆ 1864ರಲ್ಲಿ ತೀರಿಕೊಂಡಳು. ಮದುವಿ ಆಗಿ ನಾಲ್ಕೇ ವರ್ಷ. ಬೈಬಲ್ಲಿನ ಕನ್ನಡ ಅನುವಾದಕ್ಕ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ, 40 ತುಂಬೋ ಮೊದಲೇ ಹೋದ.

ಮಕ್ಕಳ ಕಥಿ ಇನ್ನೂ ಕಠಿಣ. ಶಾಲೆಗೆ ಹೋಗೋ ವಯಸ್ಸಾದ್ರ ಸಾಕು, ಯುರೋಪಿಗೆ ಕಳಿಸೋದು ರೂಢಿ. ಬಾಸೆಲ್‌ನಲ್ಲಿ ಮಿಷನರಿ ಮಕ್ಕಳಿಗಂತಲೇ ಮನೆ ಇತ್ತು. ಮಲಯಾಳಂ ನಿಘಂಟು ಬರೆದ ಹರ್ಮನ್ ಗುಂಡರ್ಟ್‌ನ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಅವಳೂ ಬಾಲ್ಯ ಕಳೆದದ್ದು ಅವ್ವ ಅಪ್ಪನಿಂದ ದೂರ, ಯುರೋಪಿನಲ್ಲಿ. ಮುಂದೆ ನೊಬೆಲ್ ಪಡೆದ ಲೇಖಕ ಹರ್ಮನ್ ಹೆಸ್ಸೆ ಅವಳ ಮಗ. ಹೆಸ್ಸೆಯ ಅಪ್ಪನೂ ಸ್ವಲ್ಪ ವರ್ಷ ಮಂಗಳೂರಿನಲ್ಲಿ ಮಿಷನರಿ ಆಗಿದ್ದವ.

ಇದನ್ನೆಲ್ಲ ಕಣ್ಣೀರು ಬರಿಸಾಕ ಹೇಳಾಕತ್ತಿಲ್ಲ. ಆ ಮಕ್ಕಳನ್ನ ಯಾರೂ ಕೇಳಿರ್ಲಿಲ್ಲ. ದೊಡ್ಡವರ ಸೇವೆಯ ಬೆಲೆ ಸಣ್ಣವರು ತೆತ್ತರು. ಅದು ತಪ್ಪು ಅಂತಲೇ ನಾ ಹೇಳ್ತೀನಿ.

5/9
ಈಗ ಕಮೆಂಟಿನಾಗ ಬರೋ ಮಾತು ನನಗ ಗೊತ್ತು: 'ಅವರು ಬಂದದ್ದು ಮತಾಂತರಕ್ಕ. ಅವರ ಗುಣಗಾನ ಯಾಕ?' ಹೌದು, ಅದಕ್ಕೇ ಬಂದದ್ದು. ಅವರೇನು ಮುಚ್ಚಿಟ್ಟಿರ್ಲಿಲ್ಲ. ನಮ್ಮ ದೇವರು, ನಮ್ಮ ಜಾತ್ರಿ ಅವರಿಗೆ ಕತ್ತಲೆ ಅನ್ನಿಸಿತ್ತು, ಹಂಗೇ ಬರೆದರು. ಮೇಲೆ ಆಳ್ತಿದ್ದದ್ದು ಕಂಪನಿ, ಆಮೇಲೆ ರಾಣಿ. ಆ ನೆರಳಿನಲ್ಲೇ ಇವರು ಓಡಾಡಿದರು.

ಇನ್ನೊಂದು ಮಾತು ಯಾರೂ ಹೇಳೂದಿಲ್ಲ. ಇವರ ಕೆಲಸಕ್ಕ ದುಡ್ಡು ಬರ್ತಿದ್ದದ್ದು ಯುರೋಪಿನ ಸಾಮಾನ್ಯ ಮನಿಗಳಿಂದ. 1855ರಿಂದ ವಾರಕ್ಕ ಒಂದೊಂದು ಸಣ್ಣ ನಾಣ್ಯ ಕೂಡಿಸೋ ಪದ್ಧತಿ ಶುರು ಆತು. ಕೊಡೋರಿಗೆ ಏನಾದ್ರೂ ತೋರಿಸಬೇಕಲ್ಲ? ಪತ್ರಿಕೆಯೊಳಗ ವರದಿ, ಚಿತ್ರ, ಆಮೇಲೆ ಫೋಟೋ. ಬಾಸೆಲ್‌ನ ಸಂಗ್ರಹದಲ್ಲಿ ಇವತ್ತಿಗೂ ಅಂಥ ಸಾವಿರಾರು ಫೋಟೋ ಅದಾವು. ಅವುಗಳಲ್ಲಿ ಎಷ್ಟೋ ಮುಖಗಳಿಗೆ ಹೆಸರಿಲ್ಲ. 'ಒಬ್ಬ ಹೆಂಗಸು', 'ಒಬ್ಬ ನೇಕಾರ', ಅಷ್ಟೇ.

ಅಂದ್ರ, ಬಡವರ ಫೋಟೋ ತೋರಿಸಿ ದೂರದವರ ಮನಸ್ಸು ಕರಗಿಸೋ ಆಟ ಈ ಆ್ಯಪ್ ಹುಟ್ಟೋ ನೂರು ವರ್ಷ ಮೊದಲೇ ಇತ್ತು. ನಾವು ಕಲ್ತದ್ದು ಅವರ ಕೆಟ್ಟ ಅಭ್ಯಾಸ. ಒಳ್ಳೇದನ್ನ ಬಿಟ್ಟೀವಿ.

6/9
ಒಳ್ಳೇದು ಯಾವುದು? 1914ರ ಯುದ್ಧ ಬಂತು. ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನ ಹಿಡಿದು ಕೂಡಿಹಾಕಿತು, ಆಮೇಲೆ ಅವರ ದೇಶಕ್ಕೆ ಸಾಗಿಸಿತು. ಅವರು ಹೋದ ಮೇಲೆ ಉಳಿದದ್ದೇನು? ಸಭೆಗಳು ಉಳಿದವು; ಈಗ ಸಿ.ಎಸ್.ಐ. ಒಳಗ ಅದಾವು, ಅಲ್ಲಿರೋರು ನಮ್ಮ ಜೊತಿಗೇ ಬೆಂಚಿನ ಮ್ಯಾಲೆ ಕೂತವರು. ಆದ್ರ ಆ ಸಭೆಗೆ ಎಂದೂ ಹೋಗದ ನಮ್ಮಂಥವರಿಗೂ ಏನೋ ಉಳೀತಲ್ಲ, ಅದು ಯಾವುದು?

1843ರ ಜುಲೈ 1ಕ್ಕೆ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ. ಅದೇ ಮೋಗ್ಲಿಂಗ್ ಅಚ್ಚು ಹಾಕಿಸಿದ ದಾಸರ ಪದ, ಬಸವ ಪುರಾಣ, ಜೈಮಿನಿ ಭಾರತ. ಕಿಟೆಲ್ ಅಚ್ಚಿಗೆ ತಂದ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದಸ್ಸು. ಕೊನೆಗೆ 1894ರಲ್ಲಿ ನಿಘಂಟು: ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. 21ರ ಹುಡುಗನಾಗಿ ಬಂದವ ಆಗ 60 ದಾಟಿದ್ದ.

ನೋಡ್ರಿ, ಇದರಾಗ ಯಾವುದೂ ಅವರು ನಮಗ ಕಲಿಸಿದ್ದಲ್ಲ. ನಮ್ಮಿಂದ ಕಲ್ತದ್ದು. ಊರಿನ ಎಲ್ಲಾರಿಗೂ ಉಳಿದ ಸೇವೆ ಅದೇ.

7/9
ಹಂಗಂತ ಕಿಟೆಲ್‌ಗೆ ಹಾರ ಹಾಕಿ ಸುಮ್ನ ಕೂತ್ರೂ ತಪ್ಪು. ಆ 70,000 ಪದ ಅವನ ತಲಿಯಾಗ ಹುಟ್ಟಿದ್ದಲ್ಲ. ಜೊತಿಗೆ ಕೂತು ಅರ್ಥ ಬಿಡಿಸಿದ ಪಂಡಿತರಿದ್ರು. ಗಾದಿ ಮಾತು ಹೇಳಿದ ರೈತರಿದ್ರು, ಸಂತಿಯ ಹೆಂಗಸರಿದ್ರು. ನಿಘಂಟಿನ ತುಂಬ ಗಾದಿ ಅದಾವು; ಗಾದಿ ಪುಸ್ತಕದಿಂದ ಬರೂದಿಲ್ಲ, ಬಾಯಿಂದ ಬರ್ತಾವು. ಮುಖಪುಟದ ಮ್ಯಾಲೆ ದೊಡ್ಡದಾಗಿ ಇರೋದು ಒಂದೇ ಹೆಸರು.

ಆದ್ರ ಒಂದು ಕೇಳ್ತೀನಿ. ಆ ರೈತನ ಮೊಮ್ಮಕ್ಕಳು, ಆ ಸಂತಿ ಹೆಂಗಸಿನ ಮರಿಮೊಮ್ಮಕ್ಕಳು ಯಾರು? ನಾವೇ ಅಲ್ಲೇನು? ನಾವೇನ್ ಮಾಡಾಕತ್ತೀವಿ? ಬೆಂಗಳೂರಿಗೆ ಹೋದ ಮೂರನೇ ವಾರಕ್ಕ 'ಹೋಗಾಕತ್ತೀನಿ' ಬಿಟ್ಟು 'ಹೋಗ್ತಾ ಇದೀನಿ' ಅಂತೀವಿ. ಹಾಸ್ಟೆಲಿನಾಗ ಯಾರರ ನಕ್ಕರ ಅಂತ ಅವ್ವನ ಫೋನ್ ಬಂದ್ರ ಹೊರಗ ಹೋಗಿ ಸಣ್ಣ ದನಿಯಾಗ ಮಾತಾಡ್ತೀವಿ. ಪರದೇಶದ ಹುಡುಗ ದೀಪ ಹಚ್ಚಿ ಬರಕೊಂಡ ಮಾತು ಅದು. ನಮಗ ನಾಚಿಕಿ.

8/9
ಈಗ ಕ್ಯಾಂಪಿನ ವಿಷಯ. ರಜೆ ಬಂದ್ರ ನಮ್ಮ ಕಡೆ ತಂಡಗಳು ಬರ್ತಾವು. ಟಿ-ಶರ್ಟ್ ಒಂದೇ ಬಣ್ಣ, ಬ್ಯಾನರ್ ದೊಡ್ಡದು. ಒಮ್ಮೆ ಬಂದ ಒಂದು ತಂಡ ಒಬ್ಬ ಆಯಿ ಕೈಯಾಗ ಸೋಪಿನ ಪಾಕೀಟು ಕೊಟ್ಟು ನಾಲ್ಕು ಸಲ ನಿಲ್ಲಿಸಿ ಫೋಟೋ ತೆಗೀತು. ಆಯಿ ಕೇಳಿದ್ಲು: 'ಯವ್ವಾ, ನನ್ನ ಫೋಟೋ ಯಾರಿಗೆ ತೋರಸ್ತಿ?' ಒಬ್ಬರಿಗೂ ಆ ಪ್ರಶ್ನೆ ತಿಳೀಲಿಲ್ಲ. ನಕ್ಕು, ಹೆಬ್ಬೆರಳು ತೋರಿಸಿ ಮುಂದಿನ ಮನಿಗೆ ಹೋದ್ರು. ಸೋಪು ಬೇಕಿತ್ತೋ ಇಲ್ಲೋ ಅಂತ ಕೇಳಾಕಾದ್ರೂ ನಾಲ್ಕು ಮಾತು ಬರಬೇಕಲ್ಲ?

'ಮೊಬೈಲಿನಾಗ ಅನುವಾದ ಬರ್ತೈತಲ್ಲ' ಅಂತೀರಿ. ಬರ್ತೈತಿ. 'ಹಗೇವು' ಅಂತ ಹಾಕಿ ನೋಡ್ರಿ. ಜೋಳ ತುಂಬಿಡಾಕ ನೆಲದಾಗ ತೋಡಿದ ಕುಣಿ ಅದು. ಬರಗಾಲಕ್ಕ ಅಂತ ನಮ್ಮ ಹಿರ್ಯಾರು ಮಾಡಿಟ್ಟ ಬ್ಯಾಂಕು. ಆ ಪದ ಗೊತ್ತಿಲ್ಲದವ ನಮ್ಮವರಿಗೆ 'ಉಳಿತಾಯ ಅಂದ್ರೇನು' ಅಂತ ಪಾಠ ಹೇಳಾಕ ಬರ್ತಾನ.

ಮತ್ತ ನಮ್ಮಲ್ಲೇ ಎಷ್ಟೋ ಗೆಳತ್ಯಾರು ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊಂಟಾರ. ಅಲ್ಲಿ ನರ್ಸ್ ಅಂತ ಪೂರ್ತಿ ಮಾನ್ಯತೆ ಬೇಕಂದ್ರ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಪಾಸಾಗಬೇಕು. ಯಾರೂ ತಕರಾರು ಮಾಡೂದಿಲ್ಲ. ರೋಗಿ 'ಎಲ್ಲಿ ನೋವು' ಅಂತ ಹೇಳಿದ್ದು ತಿಳೀದಿದ್ರ ಆರೈಕೆ ಹೆಂಗ ಮಾಡ್ತಿ ಅಂತ ಎಲ್ಲಾರೂ ಒಪ್ತಾರ. ಜರ್ಮನಿಯ ಮುದುಕನಿಗೆ ಇರೋ ಈ ಮರ್ಯಾದಿ ಹುನಗುಂದ ಸೀಮೆಯ ಆಯಿಗೆ ಯಾಕಿಲ್ಲ?

9/9
ಅದಕ್ಕ ನನ್ನ ಬೇಡಿಕಿ ನಾಲ್ಕು.

ಒಂದು: ನೀವು ಯಾವುದಾದ್ರೂ ಶಿಬಿರಕ್ಕ, ಸ್ವಯಂಸೇವೆಗೆ ಹೊಂಟ್ರ, ಮೊದಲ ಮೂರು ದಿನ ಫೋನು ಚೀಲದಾಗ ಇರ್ಲಿ. ಆ ಮೂರು ದಿನ ಆ ಊರಿನ ಐವತ್ತು ಪದ ಕಲೀರಿ. ಕಲಿಯಾಕ ಆಗ್ಲಿಲ್ಲ ಅಂದ್ರ ಆ ಊರಿಗೆ ನಿಮ್ಮಿಂದ ಸದ್ಯಕ್ಕ ಉಪಯೋಗ ಇಲ್ಲ ಅಂತ ತಿಳೀರಿ.

ಎರಡು: ಮುಖ ತೋರಿಸೋ ಮೊದಲು ಅವರ ಮಾತಿನಾಗ ಕೇಳ್ರಿ. ಒಪ್ಪಿದ್ರ ಹೆಸರು ಹಾಕ್ರಿ, 'ಒಬ್ಬ ಬಡ ಮಹಿಳೆ' ಅಂತ ಬರೀಬ್ಯಾಡ್ರಿ. ಬ್ಯಾಡ ಅಂದ್ರ ಬ್ಯಾಡ.

ಮೂರು: ನಾವು ಹೊರಗ ಹೋದಾಗ್ಲೂ ಇದೇ ನಿಯಮ. ಬೆಳಗಾವಿ ಆಗ್ಲಿ, ಪುಣೆ ಆಗ್ಲಿ, ಬರ್ಲಿನ್ ಆಗ್ಲಿ, ಅಲ್ಲಿನವರ ಮಾತು ಕಲೀರಿ. ನಮ್ಮದನ್ನ ಬಿಡಬ್ಯಾಡ್ರಿ. ಎರಡೂ ಒಂದೇ ಬಾಯಾಗ ಹಿಡಿಸ್ತಾವು.

ನಾಲ್ಕು: ಈ ವಾರ ಮನಿಯಾಗ ಕೂತು ಹಿರ್ಯಾರನ್ನ ಕೇಳ್ರಿ. ಕೂರಿಗಿ, ಕುಂಟಿ, ಮೇಟಿ, ಹಂತಿ ಅಂದ್ರ ಏನು? ಇಳಕಲ್ಲಿನವರಾದ್ರ ತೋಪ ತೆನಿ, ಚಿಕ್ಕಿ ಪರಾಸ, ಕೊಂಡಿ ಹಾಕೋದು ಅಂದ್ರ ಏನು? ಟ್ರ್ಯಾಕ್ಟರ್ ಬಂದ ಮ್ಯಾಲೆ ಹಂತಿ ಹೋತು, ಪದನೂ ಹೊಂಟೈತಿ. ಇನ್ನೊಬ್ಬ ಕಿಟೆಲ್ ಹಡಗು ಹತ್ತಿ ಬರೂದಿಲ್ಲ. ಬರೋದೂ ಬ್ಯಾಡ. ಕೇಳೋ ಕಿವಿ ಮನಿಯಾಗೇ ಇದ್ರ ಸಾಕು.

ನಿಮ್ಮ ಮನಿಯ ಒಂದು ಪದ ಕೆಳಗ ಬರೀರಿ. ಅರ್ಥ ಬರೀರಿ. ಹೇಳಿದವರು ಒಪ್ಪಿದ್ರ ಅವರ ಹೆಸರೂ ಬರೀರಿ. ಒಪ್ಪೂದಿಲ್ಲ ಅನ್ನೋರೂ ಬರೀರಿ, ಜಗಳಾ ಆಡೂಣು. ಆದ್ರ ನಮ್ಮ ಮಾತಿನಾಗೇ ಆಡೂಣು.

#ರಾಮಥಾಳ #ನಮ್ಮಮಾತು #ಮೊದಲುಕಲಿ